ಮದುವೆ ಕುರ್ಚಿಯ ರಾಷ್ಟ್ರಪತಿ

ದೊಡ್ಡರಂಗಪ್ಪನವರಿಗೆ ಸಂವಿಧಾನ ಗೊತ್ತಿರಲಿಲ್ಲ, ಕುರ್ಚಿ ಗೊತ್ತಿತ್ತು. ಯಾವ ಸಭೆಗೆ ಹೋದರೂ ಯಾವ ಕುರ್ಚಿ ಎತ್ತರ, ಯಾವುದರ ಮೇಲೆ ಟವೆಲ್ ಹಾಸಿದ್ದಾರೆ ಎಂದು ಅವರ ಕಣ್ಣು ಮೊದಲು ಹುಡುಕುತ್ತಿತ್ತು. ನಮ್ಮ ಹೈಸ್ಕೂಲಿನಲ್ಲಿ ಅಣಕು ಸಂಸತ್ತು ನಡೆಯುತ್ತದೆ ಎಂದು ತಿಳಿದ ದಿನವೇ ಓಡಿಬಂದರು.

"ಸಾರ್, ಅದ್ರಾಗೆ ಎಲ್ಲಾರಿಗಿಂತ ದೊಡ್ಡೋನು ಯಾರು?"

"ರಾಷ್ಟ್ರಪತಿ ರೀ," ಎಂದೆ.

"ಅಂಗಾದ್ರೆ ನನ್ ಮಗ ಯುವರಾಜನ್ನ ಅದ್ಕೇ ಹಾಕ್ಬಿಡಿ."

ಹಾಕಿಬಿಟ್ಟೆ. ನಾನು ಸುಂಕಪ್ಪ, ರಾಯದುರ್ಗದ ಹತ್ತಿರ ಬೆಳುಗುಪ್ಪದವನು. ಆಂಧ್ರದ ಗಡಿಯ ರೊಳ್ಳ ಕಡೆಯ ಈ ಕನ್ನಡ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತೇನೆ. ಹೆಡ್‌ಮಾಸ್ತರರು ನಿವೃತ್ತರಾದ ಮೇಲೆ ಎರಡು ವರ್ಷದಿಂದ ಅವರ ಸೀಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಪ್ರಜಾಪ್ರಭುತ್ವದ ಬಗ್ಗೆ ನಲವತ್ತು ನಿಮಿಷ ನಿಲ್ಲದೆ ಮಾತಾಡಬಲ್ಲೆ. ಬೆಲ್ ಹೊಡೆದ ಮೇಲೆ ದೊಡ್ಡರಂಗಪ್ಪ ಹೇಳಿದಂತೆ ಕೇಳುತ್ತೇನೆ.

ಅವರ ಮಾತನ್ನು ಕೇಳಲು ಕಾನೂನಿನ ಪ್ರಕಾರ ಕಾರಣವೇ ಇಲ್ಲ. ಶಾಲೆಯ ಪೇರೆಂಟ್ಸ್ ಕಮಿಟಿಗೆ ಅಧ್ಯಕ್ಷೆ ಅವರ ಹೆಂಡತಿ ಕದರಮ್ಮ. ತಾಯಂದಿರೆಲ್ಲ ಕೈ ಎತ್ತಿ ಆರಿಸಿದ್ದು ಆಕೆಯನ್ನು. ಆದರೆ ಮೀಟಿಂಗಿಗೆ ಬರುವವರು ಇವರು, ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವರು ಇವರು. ಕಾಗದ ಬಂದರೆ ಜೇಬಿನಿಂದ ಪೆನ್ನು ತೆಗೆದು, ಬಾಲ ಎಳೆದು 'ಕದರಮ್ಮ' ಎಂದು ಸೈನ್ ಹಾಕುವವರೂ ಇವರೇ. ಅದರ ಕೆಳಗೆ ನಾನು ಸೀಲು ಒತ್ತುತ್ತೇನೆ. ಯಾಕೆಂದು ಒಂದು ಸಲವೂ ಕೇಳಿಲ್ಲ.

ಅಣಕು ಸಂಸತ್ತಿನಲ್ಲಿ ಚೆನ್ನಾಗಿ ಮಾಡಿದ ಒಬ್ಬರನ್ನು ದೆಹಲಿಗೆ ಕರೆದೊಯ್ದು ನಿಜವಾದ ಸಂಸತ್ತನ್ನು ತೋರಿಸುತ್ತಾರೆಂದು ಸುತ್ತೋಲೆಯಲ್ಲಿತ್ತು. ಆ ಒಂದು ಸಾಲನ್ನು ಬಾಯಿಪಾಠ ಮಾಡಿದವಳು ಒಂಬತ್ತನೇ ತರಗತಿಯ ಆಶಾರಾಣಿ. ಅವಳ ತಾಯಿ ಪರರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾಳೆ. ಈ ಹುಡುಗಿ ಮಡಕಶಿರಾ ದಾಟಿ ಆಚೆ ಹೋದವಳಲ್ಲ. ಅವಳನ್ನು ಪ್ರಧಾನಿ ಮಾಡಿದ್ದೆ. ತನ್ನ ಭಾಷಣ, ಮಂತ್ರಿಗಳ ಉತ್ತರ, ಕೊನೆಗೆ ರಾಷ್ಟ್ರಪತಿ ಓದಬೇಕಾದ ಭಾಷಣ, ಎಲ್ಲವನ್ನೂ ಅವಳೇ ಬರೆದಳು.

"ಸಾರ್, ಲೋಕಸಭೇಲಿ ನೆಲದ ಮೇಲೆ ಹಾಸಿರೋದು ಹಸಿರು ಬಣ್ಣದ್ದಂತೆ, ನಿಜವಾ?" ಎಂದು ಕೇಳಿದಳು.

"ಹೋಗಿ ನೋಡಿಬಂದು ನನಗ ಹೇಳಮ್ಮ," ಎಂದೆ. ನಾನೂ ನೋಡಿರಲಿಲ್ಲ.

ದೊಡ್ಡರಂಗಪ್ಪನವರು ಕಲ್ಯಾಣ ಮಂಟಪದಿಂದ ಮದುಮಗ ಕೂರುವ ಕೆಂಪು ವೆಲ್ವೆಟ್ ಕುರ್ಚಿಯನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದರು. ಯುವರಾಜ ಅದರ ಮೇಲೆ ಸುಖವಾಗಿ ಕೂತ. ಒಳ್ಳೆಯ ಹುಡುಗ, ನಾಲ್ಕು ಜನರ ಮುಂದೆ ಬಾಯಿ ಬರುವುದಿಲ್ಲ ಅಷ್ಟೆ. ಕೂತರೆ ಸಾಕು ಎಂಬ ಕೆಲಸ ಅವನಿಗೆ ಹೇಳಿ ಮಾಡಿಸಿದಂತಿತ್ತು.

ಅಣಕು ಸಂಸತ್ತಿಗೆ ಮೂರು ದಿನ ಮುಂಚೆ ತೀರ್ಪುಗಾರರಾದ ನಾಗಲಕ್ಷ್ಮಿ ಮೇಡಂ ಅಭ್ಯಾಸ ನೋಡಲು ಬಂದರು. ನಿವೃತ್ತ ಲೆಕ್ಚರರ್, ಕನ್ನಡಕದ ಮೇಲಿನಿಂದ ನೋಡುವ ಜಾತಿ. "ರಾಷ್ಟ್ರಪತಿಗೆ ಅಂಕ ಇಲ್ಲ, ಗೊತ್ತಲ್ಲ?" ಎಂದರು. "ಅವರು ಎರಡೂ ಸದನದ ಸದಸ್ಯರಲ್ಲ, ಚರ್ಚೆ ಮಾಡೋದಿಲ್ಲ. ಸರ್ಕಾರ ಬರೆದುಕೊಟ್ಟಿದ್ದನ್ನ ಓದುತ್ತಾರೆ."

ದೊಡ್ಡರಂಗಪ್ಪನವರಿಗೆ ಸಿಡಿಲು ಬಡಿದಂತಾಯಿತು. "ದೊಡ್ಡೋನ್ಗೇ ಮಾರ್ಕ್ಸ್ ಇಲ್ವಾ? ಇದ್ಯಾವ ಸೀಮೆ ಸರ್ಕಾರ?"

ಪಾಠ ಹೇಳುವ ಚಟ ನನಗೆ. "ಹಂಗಲ್ರಿ, ಎಲ್ಲಾ ನಡೆಯೋದು ರಾಷ್ಟ್ರಪತಿ ಹೆಸರಿನಾಗ. ನಡೆಸೋದು ಪ್ರಧಾನಿ, ಮಂತ್ರಿಗಳು. ಅವರು ಲೋಕಸಭೆಗೆ ಉತ್ತರ ಕೊಡಬೇಕು. ಅಲ್ಲಿ ಬಹುಮತ ಹೋದ್ರ ಮನಿಗೆ ಹೋಗಬೇಕು."

"ಅಂದ್ರೆ ಒಬ್ರ ಹೆಸರ್ನಾಗೆ ಇನ್ನೊಬ್ಬ ನಡೆಸ್ತಾನೆ?"

"ಹೌದ್ರಿ."

ಅವರ ಜೇಬಿನ ಪೆನ್ನನ್ನೇ ನೋಡುತ್ತಾ ಹೇಳಿದೆ. ಅವರಿಗೆ ಏನೂ ಹೊಳೆಯಲಿಲ್ಲ. ಇಂಥವರಿಗೆ ಹೊಳೆಯುವುದೂ ಇಲ್ಲ. "ಅಂಗಾದ್ರೆ ಯುವರಾಜನ್ನ ಪ್ರಧಾನಿ ಮಾಡಿ. ಆ ಹುಡ್ಗೀನ ಕುರ್ಚಿ ಮೇಲೆ ಕೂರ್ಸಿ, ಅವಳ್ಗೂ ಒಂದು ಮರ್ಯಾದೆ," ಎಂದರು.

ನಾಗಲಕ್ಷ್ಮಿ ಮೇಡಂ ಬಸ್ಸಿಗೆ ಹೊರಟಿದ್ದರು. ನಾನು ತಲೆಯಾಡಿಸಿದೆ. ನನ್ನಂಥ ಹೇಡಿ ಮೇಷ್ಟ್ರುಗಳು ಇರುವವರೆಗೆ ಇಂಥವರಿಗೆ ಯಾವ ಕುರ್ಚಿಯೂ ಎಟುಕುತ್ತದೆ. ಆಶಾರಾಣಿಗೆ ಹೇಳಿದಾಗ ಅವಳು ಜಗಳಾಡಲಿಲ್ಲ.

"ಅಂದ್ರೆ ದೆಹಲಿ ನಂಗಿಲ್ಲ," ಎಂದಳು.

ನಾನು ಬೋರ್ಡು ಒರೆಸತೊಡಗಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಸಂಸತ್ತು ಶನಿವಾರ ಮಧ್ಯಾಹ್ನ ಶಾಮಿಯಾನದ ಕೆಳಗೆ ಸೇರಿತು. ಹಿಂದೆ ಜಮಖಾನದ ಮೇಲೆ ತಾಯಂದಿರು, ಅವರ ನಡುವೆ ಕದರಮ್ಮ. ಮುಂದಿನ ಸಾಲಿನಲ್ಲಿ, ಟವೆಲ್ ಹಾಸಿದ ಕುರ್ಚಿಯಲ್ಲಿ ದೊಡ್ಡರಂಗಪ್ಪ. ವೆಲ್ವೆಟ್ ಕುರ್ಚಿಯಲ್ಲಿ ಆಶಾರಾಣಿ. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ತಾನೇ ಬರೆದ ಭಾಷಣವನ್ನು ಓದಿ ಸುಮ್ಮನೆ ಕೂತಳು.

ವಿರೋಧ ಪಕ್ಷದ ನವೀನ್ ಎದ್ದು, ದೇಶದ ಎಷ್ಟು ಶಾಲೆಗಳ ಶೌಚಾಲಯಗಳಲ್ಲಿ ನೀರಿಲ್ಲ ಎಂದು ಕೇಳಿದ. ಪ್ರಧಾನಿ ಯುವರಾಜ ಕಾಗದ ನೋಡಿದ, ಅಪ್ಪನನ್ನು ನೋಡಿದ, ಮತ್ತೆ ಕಾಗದ ನೋಡಿದ. ಅಪ್ಪ ಕೈಸನ್ನೆ ಮಾಡಿದರು. ಆ ಕೈಸನ್ನೆಯಲ್ಲಿ ಶೌಚಾಲಯದ ಲೆಕ್ಕ ಇರಲಿಲ್ಲ.

ಆಮೇಲೆ ಅವಿಶ್ವಾಸ ನಿರ್ಣಯ. ಅದು ಎಂಟು ಮತಗಳಿಂದ ಬಿದ್ದುಹೋಗಬೇಕೆಂದು ನಾವು ಮೊದಲೇ ಬರೆದಿಟ್ಟಿದ್ದೆವು. ಸರ್ಕಾರದ ವಿರುದ್ಧ ಇರುವವರು ಕೈ ಎತ್ತಿ ಎಂದಾಗ ವಿರೋಧ ಪಕ್ಷ ಎತ್ತಿತು. ನಂತರ ಆಳುವ ಪಕ್ಷದ ಹಿಂದಿನ ಬೆಂಚು, ಆಮೇಲೆ ಮಂತ್ರಿಮಂಡಲ. ಕಟ್ಟಕಡೆಗೆ ಪ್ರಧಾನಿಯೂ ಕೈ ಎತ್ತಿದ.

"ಲೇ! ನೀನ್ಯಾಕೋ ಎತ್ತಿದ್ದು?" ಅಪ್ಪ ಗುಡುಗಿದರು.

"ನಂಗೇ ನನ್ ಮೇಲೆ ವಿಶ್ವಾಸ ಇಲ್ಲಪ್ಪಾ," ಎಂದ ಯುವರಾಜ.

ಈ ತಾಲೂಕಿನಲ್ಲಿ ಇಷ್ಟು ಪ್ರಾಮಾಣಿಕ ರಾಜಕಾರಣಿಯನ್ನು ನಾನು ಕಂಡಿರಲಿಲ್ಲ. ಅವನು ನೆಟ್ಟಗೆ ಹೋಗಿ ರಾಷ್ಟ್ರಪತಿಗೆ ರಾಜೀನಾಮೆ ಕೊಟ್ಟ. ಸದನದ ಬೆಂಬಲ ಯಾರಿಗಿದೆ ಎಂದು ಆಶಾರಾಣಿ ಕೇಳಿದಳು. ಎಲ್ಲರೂ ಅವಳ ಹೆಸರನ್ನೇ ಕೂಗಿದರು.

"ಅದಾಗಂಗಿಲ್ಲಮ್ಮ," ಎಂದು ನಾನು ಎದ್ದೆ. "ರಾಷ್ಟ್ರಪತಿ ಪ್ರಧಾನಿ ಆಗಂಗಿಲ್ಲ."

ಅವಳು ನೋಟ್‌ಬುಕ್ಕಿನ ಹಾಳೆ ಹರಿದು ಎರಡು ಸಾಲು ಬರೆದಳು. ಕುರ್ಚಿಯಿಂದ ಧುಮುಕಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಉಪರಾಷ್ಟ್ರಪತಿ ಸೌಮ್ಯಳ ಕೈಗೆ ಅದನ್ನು ಕೊಟ್ಟಳು. "ರಾಷ್ಟ್ರಪತಿ ರಾಜೀನಾಮೆ ಕೊಡ್ಬೇಕಾದ್ದು ಉಪರಾಷ್ಟ್ರಪತಿಗೆ. ನೀವೇ ಪಾಠ ಮಾಡಿದ್ದು ಸಾರ್."

"ನೀನು ಎಂಪಿ ಅಲ್ಲಲ್ಲ?" ಎಂದೆ.

"ಆರು ತಿಂಗಳ ಒಳ್ಗೆ ಗೆದ್ದು ಬತ್ತೀನಿ. ಅದೂ ಪಾಠದಾಗೆ ಐತೆ."

ನಾಗಲಕ್ಷ್ಮಿ ಮೇಡಂ ಬಿದ್ದು ಬಿದ್ದು ನಕ್ಕರು. ಸೌಮ್ಯ ಪ್ರಮಾಣ ವಚನ ಬೋಧಿಸಿದಳು. ಹೊಸ ಪ್ರಧಾನಿ ಶೌಚಾಲಯದ ಪ್ರಶ್ನೆಯನ್ನೇ ಮೊದಲು ಕೈಗೆತ್ತಿಕೊಂಡು, ನವೀನ್ ಸಾಕಪ್ಪ ಸಾಕು ಎನ್ನುವವರೆಗೆ ಉತ್ತರ ಕೊಟ್ಟಳು. ನನಗೆ ಅರ್ಧ ಹೆಮ್ಮೆ, ಅರ್ಧ ನಾಚಿಕೆ.

ಮೇಡಂ ದೆಹಲಿ ಪ್ರವಾಸದ ಫಾರಮ್ಮಿನಲ್ಲಿ ಆಶಾರಾಣಿಯ ಹೆಸರು ಬರೆದರು. ಉಳಿದದ್ದು ಎರಡು ಸಹಿ, ಕಮಿಟಿ ಅಧ್ಯಕ್ಷೆಯದು ಮತ್ತು ನನ್ನದು. ದೊಡ್ಡರಂಗಪ್ಪನವರು ಪೆನ್ನು ತೆಗೆದು, ಮತ್ತೆ ಜೇಬಿಗೆ ಸಿಕ್ಕಿಸಿದರು.

"ಕಮಿಟಿ ಒಪ್ಪಲ್ಲ. ಯುವರಾಜನ ಹೆಸರು ಬರೀರಿ, ಆಮೇಲೆ ಸೈನ್."

"ಇಲ್ಲಿ ಕದರಮ್ಮ ಅಂತಿದೆಯಲ್ಲ," ಎಂದರು ಮೇಡಂ. "ನೀವು ಕದರಮ್ಮನವರಾ?"

ಜಮಖಾನದ ಮೇಲೆ ನಗು ಹರಡಿತು. ಕದರಮ್ಮ ಸೆರಗು ಸರಿಮಾಡಿಕೊಂಡು ಎದ್ದು ಬಂದಳು. "ಕೊಡಿ ಇಲ್ಲಿ."

"ಸುಮ್ಕಿರೇ, ನಿಂಗೇನ್ ಗೊತ್ತು?"

"ಇಷ್ಟ್ ದಿನ ಗೊತ್ತಿರ್ಲಿಲ್ಲ. ನನ್ ಮಗ ಬ್ಯಾಡ ಅಂತ ತಾನೇ ಕೈ ಎತ್ತಿದ್ದು ನೀವ್ ನೋಡ್ಲಿಲ್ವಾ? ಆ ಮಗು ಗೆದ್ದೈತೆ, ಅದು ಓಗ್ಲಿ."

ಮೇಜು ದೂರವಿತ್ತು. ಯುವರಾಜ ಬಗ್ಗಿ ಬೆನ್ನು ಕೊಟ್ಟ. ಆಕೆ ಅದರ ಮೇಲೆ ಫಾರಂ ಇಟ್ಟು, ಐದನೇ ತರಗತಿಗೆ ನಿಂತುಹೋದ ಓದನ್ನು ನೆನಪಿಸಿಕೊಂಡು, ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ ಬರೆದಳು.

ದೊಡ್ಡರಂಗಪ್ಪ ನಕ್ಕರು. "ಆಕು, ಆಕು. ಆಫೀಸ್ನಾಗೆ ಎಲ್ಡು ವರ್ಷದ ಸೈನ್ ಐತೆ. ಇದ್ನ ನೋಡಿದ್ರೆ ಖೋಟಾ ಅಂತ ವಾಪಸ್ ಕಳಿಸ್ತಾರೆ."

ಮಾತು ಸರಿಯಾಗಿತ್ತು. ಕಡತದ ತುಂಬ ಬಾಲ ಎಳೆದ ಕದರಮ್ಮನೇ. ಆಶಾರಾಣಿ ನನ್ನ ಮುಖವನ್ನೇ ನೋಡುತ್ತಿದ್ದಳು. ಒರೆಸಲು ಹತ್ತಿರದಲ್ಲಿ ಬೋರ್ಡೂ ಇರಲಿಲ್ಲ.

ಒಳಗೆ ಹೋಗಿ ಶಾಲೆಯ ಲೆಟರ್‌ಹೆಡ್ ತಂದೆ. ಎಲ್ಲರ ಎದುರಿಗೇ ಬರೆದೆ: 'ಈ ಫಾರಮ್ಮಿನಲ್ಲಿರುವುದೇ ಶ್ರೀಮತಿ ಕದರಮ್ಮನವರ ಅಸಲಿ ಸಹಿ. ಹಿಂದಿನ ಎಲ್ಲ ಕಾಗದಗಳಲ್ಲಿ ಇರುವುದು ಅವರ ಗಂಡ ಹಾಕಿದ್ದು. ಅದು ಗೊತ್ತಿದ್ದೂ ನಾನು ಒಪ್ಪಿದ್ದೇನೆ.'

"ಸಾರ್, ನಿಮ್ ಕೆಲ್ಸಕ್ಕೇ ಬತ್ತೈತೆ ಇದು," ಎಂದರು ದೊಡ್ಡರಂಗಪ್ಪ. ಈಗ ಅವರ ದನಿ ಇಳಿದಿತ್ತು.

"ಬರ್ಲಿ ಬಿಡ್ರಿ."

ಕೆಳಗೆ ನನ್ನ ಹೆಸರು ಬರೆದು ಸೀಲು ಒತ್ತಿದೆ. ಎರಡು ವರ್ಷದಲ್ಲಿ ಆ ಸೀಲು ಕಮಿಟಿಯ ಕಾಗದದ ಮೇಲೆ ನಿಜ ಹೇಳಿದ್ದು ಅದೇ ಮೊದಲು.