ಬೂದಿ ಬಾಚಿದವಳ ಮಾತು

ಬೂದಿ ಬಾಚುವ ಹೆಂಗಸಿನ ಮಾತನ್ನು ಕಿತ್ತು ರಾಜಕುಮಾರನಿಗೆ ಕೊಟ್ಟರು.

ಮಾಯಾಲೋಕದ ಕಥೆಯ ಒಂದು ದಪ್ಪ ಕಾದಂಬರಿ ಟಿವಿ ಧಾರಾವಾಹಿಯಾಗುತ್ತಿತ್ತು. ಯಾವ ದೃಶ್ಯವನ್ನು ಬಿಡಬಾರದೆಂದು ಕೇಳಿದಾಗ ಅಭಿಮಾನಿಗಳು ಒಕ್ಕೊರಲಿನಿಂದ ಬೇಡಿದ್ದು ಇದನ್ನೇ: ಬೆಂಕಿಯುಗುಳುವ ಸರ್ಪದೆದುರು ಅರಮನೆಯ ಆಳುಹೆಂಗಸೊಬ್ಬಳು ಬರಿಗೈಯಲ್ಲಿ ನಿಂತು, "ನೀನು ಸುಟ್ಟಿದ್ದನ್ನೆಲ್ಲ ಬಾಚಿದವಳು ನಾನು, ನನ್ನನ್ನೇನು ಹೆದರಿಸ್ತೀಯ?" ಎನ್ನುವುದು.

ಸಂಭಾಷಣೆ ಬರೆಯುವವಳು ಸ್ಟುಡಿಯೋದ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಎದುರಿಗೆ ನಿರ್ದೇಶಕರು, ಅಂದರೆ ಅವಳ ಅಕ್ಕನ ಗಂಡ. ದೀಪಗಳು ಹೊತ್ತಿಕೊಂಡಿದ್ದವು. ಹೊಸ ಮಾತಿಗಾಗಿ ಎಲ್ಲರೂ ಅವಳನ್ನೇ ಕಾಯುತ್ತಿದ್ದರು.

"ದೃಶ್ಯ ಎಲ್ಲಿ ತೆಗೆದಿದ್ದೀನಿ? ಇದೆಯಲ್ಲ," ಎಂದರು ಭಾವ. "ಹೇಳೋನು ಹೀರೋ, ಅಷ್ಟೇ."

"ಅವನು ಯಾವತ್ತು ಪೊರಕೆ ಹಿಡಿದಿದ್ದ, ಭಾವ?"

ಲೈಟಿನವರಲ್ಲೊಬ್ಬ ಕಿಸಕ್ಕೆಂದ. ಭಾವ ಮುಖ ಗಂಟಿಕ್ಕಿದರು.

"ಬಾಚಿದವಳು ಅನ್ನೋ ಕಡೆ ಸಹಿಸಿದವನು ಅಂತ ಹಾಕು. ನಿಮ್ಮಕ್ಕನ ಮುಖ ನೋಡಿ ಕೆಲಸ ಕೊಟ್ಟೆ. ತಲೆಹರಟೆ ಮಾಡಿದ್ರೆ ನಾಳೆಯಿಂದ ಬರಬೇಡ."

ಇದು ಅವಳ ಮೊದಲ ಕೆಲಸ. ಇರುವುದೂ ಅಕ್ಕನ ಮನೆಯಲ್ಲೇ. ಆಳುಹೆಂಗಸಿನ ಪಾತ್ರದ ನಟಿ ಮೈಗೆಲ್ಲ ಬೂದಿ ಬಳಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಬೆಳಗಿನಿಂದ ಬಾಯಿಪಾಠ ಮಾಡಿದ ಆ ಒಂದೇ ಮಾತು ಅವಳ ತುಟಿಯಲ್ಲಿ ಇನ್ನೂ ಆಡುತ್ತಿತ್ತು.

"ನೀನು ಮುಖ ತೊಳ್ಕೊಂಡು ಹೋಗಮ್ಮ," ಎಂದು ನಟಿಗೆ ಹೇಳಿ ಭಾವ ಲ್ಯಾಪ್‌ಟಾಪನ್ನು ನಾದಿನಿಯತ್ತ ತಳ್ಳಿದರು. "ಹೂಂ, ಬರಿ."

ನಾದಿನಿ ಅದನ್ನು ಮುಚ್ಚಿದಳು. "ಅಕ್ಕನಿಗೆ ನಾನೇ ಹೇಳ್ಕೋತೀನಿ. ಇದನ್ನ ನಾನು ಬರೆಯಲ್ಲ, ಭಾವ."