ಯಾರೂ ಕಾಲಿಡದ ಓಕ್ ಇಳಿಜಾರು

ನನ್ನ ಗಂಡ ಓರಿನ್‌ನ ಕಣ್ಣಿಗೆ ನಾನು ಕಿಟಕಿಗೆ ಹಾಕಿದ ಹೊಸ ಪರದೆ ಬೀಳುತ್ತಿರಲಿಲ್ಲ. ಕಾಡಿನಲ್ಲಿ ಜಿಂಕೆ ಯಾವ ಚಿಗುರು ಕಚ್ಚಿದೆ ಎನ್ನುವುದು ಮಾತ್ರ ಬೀಳುತ್ತಿತ್ತು. ಹಸುಗಳನ್ನು ಮಾರಿ ಕೊಟ್ಟಿಗೆಗೆ ಬೀಗ ಹಾಕಿದ ಮೇಲೆ ಅವನು ಮನೆಯ ಹಿಂದಿನ ಗುಡ್ಡವನ್ನು ಹಿಡಿದುಕೊಂಡ. ಅಮೆರಿಕದ ನಮ್ಮ ವಿಸ್ಕಾನ್ಸಿನ್‌ನಲ್ಲಿ ಕಾಡಿರುವವರೆಲ್ಲ ನವೆಂಬರ್‌ನಲ್ಲಿ ಸರ್ಕಾರ ಬಿಡುವ ಜಿಂಕೆ ಬೇಟೆಗೆಂದು ಏನಾದರೊಂದು ಮಾಡುತ್ತಾರೆ. ಇವನದು ಮಾತ್ರ ಅತಿಯಾಯಿತು. ಆ ಕಾಡಿನ ಮೇಲೆ ನನಗೆ ಸವತಿಯ ಮೇಲಿನಷ್ಟು ಸಿಟ್ಟಿತ್ತು.

ಬಿಸಿಲು ಬೀಳಲೆಂದು ದೊಡ್ಡ ಮರಗಳನ್ನು ತೆಗೆದ. ಎಳೆಯ ಮರಗಳನ್ನು ಪೂರ್ತಿ ಕಡಿಯದೆ ಅರ್ಧ ಕೊಯ್ದು ಬಾಗಿಸಿದ. ಮಲಗಿದ ಮರ ಸಾಯುವುದಿಲ್ಲ, ಜಿಂಕೆಯ ಬಾಯಿಗೆ ಎಟುಕುವಲ್ಲೇ ಚಿಗುರುತ್ತದೆ. ಅದರ ಅಡಿಯಲ್ಲಿ ಜಿಂಕೆಗೆ ಮರೆಯೂ ಸಿಗುತ್ತದೆ. ಹಳೆಯ ಗಾಡಿದಾರಿಯಲ್ಲಿ ಮೇವಿನ ಸೊಪ್ಪು ಬಿತ್ತಿದ. ಓಕ್ ಮರಗಳ ಇಳಿಜಾರಿನ ನಡುವೆ ಒಂದು ಮೋಟು ಬುಡದ ಮೇಲೆ ದೊಡ್ಡ ಉಪ್ಪಿನ ಗಟ್ಟಿ ಇಟ್ಟ. ಆಮೇಲೆ ಆ ಇಳಿಜಾರಿಗೆ ಯಾರೂ ಕಾಲಿಡಕೂಡದು ಎಂದ. ಮನುಷ್ಯರ ವಾಸನೆ ಹತ್ತಿದರೆ ಜಿಂಕೆ ಅಲ್ಲಿ ನಿಲ್ಲುವುದಿಲ್ಲ. ಗುಂಡು ತಗುಲಿದ ಜಿಂಕೆ ಒಳಗೆ ಓಡಿದರೂ ಬೆನ್ನಟ್ಟಿ ಹೋಗುತ್ತಿರಲಿಲ್ಲ.

“ನನ್ನ ಅಡಿಗೆಮನೆಗೆ ಕೆಸರು ಬೂಟಲ್ಲಿ ನುಗ್ತೀಯ. ಅಲ್ಲಿಗೆ ಮಾತ್ರ ಕಾಲಿಡಲ್ಲ. ಅದೇನು ಚರ್ಚಾ?” ಎಂದು ಕೇಳಿದ್ದೆ.

“ಚರ್ಚಿಗೆ ನೀನು ಎಳ್ಕೊಂಡು ಹೋಗ್ತೀಯಲ್ಲ ಆರ್ಲಿಸ್, ನಾನೇನಾದ್ರೂ ಬೇಡ ಅಂದ್ನಾ? ಇದೊಂದು ನನಗೆ ಬಿಡು.”

ಅವನಿಗೆ ಬೇಕಾಗಿದ್ದು ಒಂದೇ. ತನ್ನ ನೆಲದಲ್ಲಿ ಒಂದು ಗಂಡು ಜಿಂಕೆ ಗುಂಡಿಗೆ ಸಿಗದೆ ಪೂರ್ತಿ ಬೆಳೆಯಬೇಕು. ಎಡಗಿವಿ ಹರಿದ ಅಂಥದೊಂದು ಗಂಡು ಜಿಂಕೆಯನ್ನು ಮರಿಯಿದ್ದಾಗಿನಿಂದ ನೋಡಿದ್ದ. ಪ್ರತಿ ನವೆಂಬರ್‌ನಲ್ಲೂ ಅದು ಬಂದೂಕಿನ ಮುಂದೆಯೇ ಹಾದುಹೋಗುತ್ತಿತ್ತು. ಪ್ರತಿ ಸಲವೂ ಇವನು ಇನ್ನೊಂದು ವರ್ಷ ಇರಲಿ ಎಂದು ಅದನ್ನು ಬಿಟ್ಟು ಬರುತ್ತಿದ್ದ. ಪಕ್ಕದ ಜಮೀನಿನ ಲೈಲ್ ನಮ್ಮ ಮೇಜಿಗೇ ಕೂತು ನಮ್ಮದೇ ಕಾಫಿ ಕುಡಿಯುತ್ತ ಕಾಲೆಳೆಯುತ್ತಿದ್ದ: “ಇವನು ಬೇಟೆಗಾರ ಅಲ್ಲ ಆರ್ಲಿಸ್, ಜಿಂಕೆಗಳ ಅಜ್ಜಿ!”

ಈ ಬೇಸಿಗೆಯಲ್ಲಿ ಇಳಿಜಾರಿನ ಹೊರಗೆ ಮರಕ್ಕೆ ಕಟ್ಟಿದ್ದ ಕ್ಯಾಮೆರಾದಲ್ಲಿ ಆ ಗಂಡು ಕಾಣಿಸಲಿಲ್ಲ. ಹೋಗಿ ನೋಡಿಕೊಂಡು ಬಾ ಎಂದೆ.

“ಒಳಗೇ ಇದಾನೆ ಕಣೇ. ಬೇಕಾದ್ದೆಲ್ಲ ಅಲ್ಲೇ ಸಿಗೋವಾಗ ಹೊರಗೆ ಯಾಕೆ ಬರ್ತಾನೆ?” ಎಂದ. ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

ಅಕ್ಟೋಬರ್‌ನಲ್ಲಿ ನಾನು ಬಟ್ಟೆ ಒಣಹಾಕುತ್ತಿದ್ದಾಗ ಒಂದು ಹೆಣ್ಣು ಜಿಂಕೆ ಅಂಗಳಕ್ಕೆ ಬಂದು ನಿಂತಿತು. ಪಕ್ಕೆಲುಬು ಎದ್ದಿದ್ದವು, ಕಿವಿ ಜೋತುಬಿದ್ದಿದ್ದವು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಹುಶ್ ಎಂದೆ, ಬಟ್ಟೆಯ ಕ್ಲಿಪ್ಪು ಎಸೆದೆ. ಕದಲಲಿಲ್ಲ. ಓರಿನ್ ಹೊರಗೆ ಬಂದು ನೋಡಿದವನು ವನ್ಯಜೀವಿ ಇಲಾಖೆಗೆ ಫೋನ್ ಮಾಡಿದ. ಅವರು ಹೂಂ ಎಂದ ಮೇಲೆ ಬಂದೂಕು ತಂದ. ಪರೀಕ್ಷೆಗೆಂದು ಅವರು ತಲೆಯನ್ನು ಒಯ್ದರು.

ಕೆಲವು ದಿನಗಳ ಮೇಲೆ ಇಲಾಖೆಯ ಹೆಂಗಸೊಬ್ಬಳು ಫೋನ್ ಮಾಡಿದಳು. ನಾನೂ ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದೆ. ಅದು ಜಿಂಕೆಯ ಮಿದುಳನ್ನು ತಿಂದುಹಾಕುವ ರೋಗ. ಬಂದ ಜಿಂಕೆ ಉಳಿಯುವುದಿಲ್ಲ, ಮದ್ದೂ ಇಲ್ಲ.

“ನಿಮ್ಮ ಕಾಡಲ್ಲಿ ಜಿಂಕೆಗಳು ಒಟ್ಟಾಗಿ ಬಾಯಿ ಹಾಕೋ ಜಾಗ ಇದೆಯಾ? ಉಪ್ಪುಗಿಪ್ಪು ಏನಾದ್ರೂ ಇಟ್ಟಿದ್ರಾ? ಜೊಲ್ಲಿಂದ ಹರಡುತ್ತೆ ಅದು,” ಎಂದಳು.

ಓರಿನ್ ಫೋನ್ ಇಟ್ಟ. ಬೂಟು ಹಾಕಿಕೊಂಡ. ನಾನೂ ಹಿಂದೆ ಹೋದೆ.

ಅಷ್ಟು ವರ್ಷಗಳ ಮೇಲೆ ಮೊದಲ ಸಲ ಆ ಇಳಿಜಾರಿಗೆ ಕಾಲಿಟ್ಟೆವು. ಅವನ ಕೆಲಸ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಬಾಗಿಸಿದ ಮರಗಳೆಲ್ಲ ಬದುಕಿದ್ದವು, ಚಪ್ಪರದ ಹಾಗೆ ಹಬ್ಬಿದ್ದವು. ಒಂದೊಂದರ ಅಡಿಯಲ್ಲೂ ಎಲುಬುಗಳಿದ್ದವು. ಕೆಲವು ಬೆಳ್ಳಗೆ ಒಣಗಿ ಎಲೆಯಲ್ಲಿ ಹೂತಿದ್ದವು, ಕೆಲವಕ್ಕೆ ಇನ್ನೂ ಚರ್ಮ ಅಂಟಿತ್ತು. ಹರಿದ ಕಿವಿಯ ಗಂಡು ಕೊಂಬುಗಳನ್ನು ಹೊತ್ತೇ ಕಾಲು ಮಡಚಿ ಮಲಗಿದ್ದ. ಉಪ್ಪಿಟ್ಟಿದ್ದ ಬುಡದ ಸುತ್ತ ಮೊಳಕಾಲಾಳದ ಗುಂಡಿ ಬಿದ್ದಿತ್ತು. ಉಪ್ಪು ಎಂದೋ ಕರಗಿ ನೆಲಕ್ಕೆ ಇಳಿದಿತ್ತು; ಜಿಂಕೆಗಳು ಮಣ್ಣನ್ನೇ ತಿನ್ನುತ್ತಿದ್ದವು. ಒಮ್ಮೆ, ಒಂದೇ ಒಂದು ಸಲ ಒಳಗೆ ಬಂದಿದ್ದರೆ ನಮಗೆ ಗೊತ್ತಾಗುತ್ತಿತ್ತು.

“ಸಾಯೋಕೆ ಹಾಸಿಗೆ ಹಾಸಿಕೊಟ್ಟೆ ಕಣೇ,” ಎಂದ ಓರಿನ್. ನನ್ನ ಹಳೆಯ ಸಿಟ್ಟು ಎಲ್ಲಿ ಹೋಯಿತೋ. ಕೈ ಹಿಡಿಯಲು ಹೋದೆ, ಕೊಡಲಿಲ್ಲ.

ಸುದ್ದಿ ಕೇಳಿ ಲೈಲ್ ಬಂದ. ಆ ದಿನ ಅವನೂ ತಮಾಷೆ ಮಾಡಲಿಲ್ಲ.

“ನನ್ನ ಟ್ರ್ಯಾಕ್ಟರ್ ತರ್ತೀನಿ. ಆ ಮಣ್ಣು ಎತ್ತಿ ಹಾಕೋಣ.”

“ಎಷ್ಟು ಅಂತ ಎತ್ತುತ್ತೀಯ ಲೈಲ್? ಮೇದ ಕಡೆಯೆಲ್ಲ ಜೊಲ್ಲು ಸುರಿಸಿವೆ. ರೋಗ ವರ್ಷಗಟ್ಟಲೆ ಮಣ್ಣಲ್ಲೇ ಇರುತ್ತಂತೆ. ನಿನ್ನ ಕಡೆಗೂ ಬಂದಿರುತ್ತೆ.”

ಲೈಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕಾಫಿ ಮುಟ್ಟದೆ ಎದ್ದುಹೋದ.

ಓರಿನ್ ಗುಂಡಿಗೆ ಬೇಲಿ ಹಾಕಿದ. ಮೇವಿನ ಸೊಪ್ಪನ್ನು ಉತ್ತು ಹಾಕಿದ. ಆದರೂ ಜಿಂಕೆಗಳು ಹೋಗಲಿಲ್ಲ. ಸುತ್ತಮುತ್ತ ಅಷ್ಟು ಮರೆ, ಅಷ್ಟು ಚಿಗುರು ಇನ್ನೆಲ್ಲೂ ಇಲ್ಲ. ಈಗ ದಿನಾ ಸಂಜೆ ಒಂದು ಬಾಣಲೆ, ಸೌಟು ಹಿಡಿದು ಬಡಿಯುತ್ತ ಇಳಿಜಾರಿನಲ್ಲಿ ಓಡಾಡುತ್ತಾನೆ. ಅವು ಎದ್ದು ಗಡಿಯವರೆಗೆ ಹೋಗಿ ನಿಂತು ನೋಡುತ್ತವೆ. ಇವನು ಮನೆಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ತಿರುಗಿ ಬಂದಿರುತ್ತವೆ.

ಮೊದಲ ಹಿಮ ಬಿದ್ದ ದಿನ ನಾನೂ ಜೊತೆಗೆ ಹೋದೆ. ಈ ವರ್ಷದ ಮರಿಯೊಂದು ಬಾಗಿದ ಮರದಡಿ ಮಲಗಿತ್ತು. ಇಷ್ಟು ದಿನದಲ್ಲಿ ಬಾಣಲೆಯ ಸದ್ದು ಅದಕ್ಕೆ ರೂಢಿಯಾಗಿತ್ತು. ಓರಿನ್ ತೀರ ಹತ್ತಿರ ಹೋಗಿ ಬಡಿದ, ಹೆದರಲಿಲ್ಲ. ಕೊನೆಗೆ ಬಾಣಲೆ ಕೆಳಗಿಟ್ಟು ಹಿಮದಲ್ಲಿ ಮಂಡಿಯೂರಿದ.

“ಹೋಗೋ. ನಿನ್ನ ದಮ್ಮಯ್ಯ ಅಂತೀನಿ, ಹೋಗೋ ಇಲ್ಲಿಂದ,” ಎಂದ.

ಮರಿ ಅವನನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ಮಲಗಿದಲ್ಲಿಂದಲೇ ಕತ್ತು ಚಾಚಿ, ತಲೆಯ ಮೇಲಿದ್ದ ಮೊಗ್ಗೊಂದನ್ನು ಕಚ್ಚಿ ತಿನ್ನತೊಡಗಿತು.