ತೊಂಬತ್ತು ಸೆಕೆಂಡಿನ ನಿಯಮ

ನಮ್ಮ ವಿಭಾಗದ ಗುಮಾಸ್ತೆಯ ಮೇಜಿನ ಖಾನೆಯಲ್ಲಿ ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಗೂ ಒಂದು ಹಳದಿ ಹಾಳೆ ಇರುತ್ತದೆ. ಅದರಲ್ಲಿ ಒಂಬತ್ತು ಚೌಕಗಳು. ಒಂಬತ್ತಕ್ಕೂ ಟಿಕ್ ಬಿದ್ದರೆ, ಯಾವ ಕೆಲಸಕ್ಕೆ ಎಷ್ಟು ಜನ, ಎಷ್ಟು ಹೊತ್ತು ಸಾಕು ಎಂದು ಲೆಕ್ಕ ಹಾಕುವ ಆಪರೇಷನ್ಸ್ ರಿಸರ್ಚ್‌ನಲ್ಲಿ ಡಾಕ್ಟರೇಟ್. ಒಂದು ಉಳಿದರೂ ಆರು ವರ್ಷ ಮಣ್ಣುಪಾಲು. ಕೋರ್ಸುಗಳು, ಜೀವ ಹಿಂಡಿದ ಎರಡು ಲಿಖಿತ ಪರೀಕ್ಷೆಗಳು, ಸಂಶೋಧನಾ ಪ್ರಸ್ತಾವ, ಒಂದು ಸೆಮಿಸ್ಟರ್ ಪಾಠ ಹೇಳಿದ್ದು, ಪ್ರಕಟವಾದ ಲೇಖನಗಳು, ಥೀಸಿಸ್‌ನ ಕರಡು, ಹೀಗೆ ಏಳು ಚೌಕಗಳನ್ನು ನಾನು ದಾಟಿದ್ದೆ. ಉಳಿದದ್ದು ಎಂಟನೆಯದು ಮತ್ತು ಕೊನೆಯ ಮೌಖಿಕ ಪರೀಕ್ಷೆ.

"ಎಂಟನೇದು ಶುಕ್ರವಾರದೊಳಗೆ ಬರ್ಲಿಲ್ಲ ಅಂದ್ರೆ ಫೈಲ್ ಮುಚ್ಚಿಬಿಡ್ತೀನಿ ಮೇಡಂ. ನಿಮ್ಮ ಆರು ವರ್ಷ ಈ ತಿಂಗಳಿಗೆ ಮುಗೀತು. ಆಮೇಲೆ ನನ್ನ ಬೈಕೋಬೇಡಿ," ಎಂದಳು ಗುಮಾಸ್ತೆ. ಅವಳಿಗೆ ಕನಿಕರ ಎನ್ನುವುದು ಊಟದ ಸಮಯದ ನಂತರ ಮಾತ್ರ ಬರುತ್ತದೆ. ಆಗ ಬೆಳಗ್ಗೆ ಹತ್ತೂವರೆ, ಬುಧವಾರ.

ಎಂಟನೆಯ ಚೌಕ ಹೇಳುವುದು ಇಷ್ಟೇ: ನೀವು ಕಾಗದದ ಮೇಲೆ ಮಾಡಿದ ಲೆಕ್ಕವನ್ನು ಯಾವುದಾದರೂ ನಿಜವಾದ ಕೆಲಸದ ಜಾಗದಲ್ಲಿ ಆರು ತಿಂಗಳು ಬಳಸಿರಬೇಕು, ಮತ್ತು ಅದರಿಂದ ತೊಂದರೆಯಾಗಿಲ್ಲ ಎಂದು ಅಲ್ಲಿ ಕೆಲಸ ಮಾಡುವವರೇ ಬರೆದು ಸಹಿ ಮಾಡಬೇಕು.

ನನ್ನ ಕೆಲಸದ ಜಾಗ ಒಂದು ಲಿಫ್ಟ್ ರಿಪೇರಿ ಕಂಪನಿಯ ಸಹಾಯ ಕೊಠಡಿ. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಕೊಂಡು ಒಳಗಿನ ಗಂಟೆಯ ಗುಂಡಿ ಒತ್ತಿದರೆ ಇಲ್ಲಿ ಫೋನು ಬಡಿದುಕೊಳ್ಳುತ್ತದೆ. ಇಲ್ಲಿಂದ ಮೆಕ್ಯಾನಿಕ್ ಹೊರಡುತ್ತಾನೆ. ಕೊಠಡಿಯಲ್ಲಿ ಇಬ್ಬರು ಹೆಂಗಸರಿದ್ದರು. ಇಬ್ಬರೂ ನನಗಿಂತ ದೊಡ್ಡವರು. ದೊಡ್ಡಕ್ಕ, ಚಿಕ್ಕಕ್ಕ ಎಂದು ಹೆಸರಿಟ್ಟವಳು ನಾನು. ಮೂರನೆಯ ವರ್ಷವಿಡೀ ನಾನು ಆ ಕೊಠಡಿಯ ಮೂಲೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ಕರೆ ಬಂದದ್ದು ಎಷ್ಟು ಹೊತ್ತಿಗೆ, ಮಾತಾಡಿದ್ದು ಎಷ್ಟು ಸೆಕೆಂಡು, ಸುಮ್ಮನೆ ಕೂತದ್ದು ಎಷ್ಟು ನಿಮಿಷ, ಎಲ್ಲ ಬರೆದುಕೊಳ್ಳುವುದು.

ಸುಮ್ಮನೆ ಎಲ್ಲಿ ಕೂರುತ್ತಿದ್ದರು? ಚಿಕ್ಕಕ್ಕ ಆವತ್ತು ಫೋನು ಮಾಡಿದವರನ್ನೆಲ್ಲ ಅಣಕಿಸಿ ತೋರಿಸುತ್ತಿದ್ದಳು. ದೊಡ್ಡಕ್ಕ ಮೊಮ್ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದಳು. ತೋಳು ಮುಗಿಯುವಷ್ಟರಲ್ಲಿ ಹುಡುಗ ಎರಡಿಂಚು ಬೆಳೆದಿರುತ್ತಿದ್ದ, ಬಿಚ್ಚಿ ಮತ್ತೆ ಹಾಕುತ್ತಿದ್ದಳು. "ನಿನ್ ಥೀಸಿಸ್ಸು, ನನ್ ಸ್ವೆಟರ್ರು, ಎರಡೂ ಒಂದೇ ಜಾತಿ ಕಣೇ," ಎನ್ನುತ್ತಿದ್ದಳು. ಡಬ್ಬಿ ಬಿಚ್ಚಿದರೆ ಮೂರು ಪಾಲು. ನಾನು ತಿನ್ನದಿದ್ದರೆ ಬೈಗುಳ. ಅಮ್ಮ ಹೋದ ಮೇಲೆ ನನ್ನನ್ನು ಊಟಕ್ಕಾಗಿ ಬೈದವರು ಅವರಿಬ್ಬರೇ. ಹೊಟ್ಟೆ ಹಿಡಿದುಕೊಂಡು ನಗುತ್ತಲೇ ನಾನು ಪಟ್ಟಿಯಲ್ಲಿ ಬರೆದೆ: ಖಾಲಿ ಸಮಯ, ಹದಿನಾಲ್ಕು ನಿಮಿಷ.

ನಮ್ಮ ಶಾಸ್ತ್ರದವರು ಮಾತ್ರ ಮಾಡಬಹುದಾದ ತಪ್ಪು ಅದು. ಕಿವಿಯಲ್ಲಿ ಫೋನಿದ್ದರೆ ಕೆಲಸ, ಇಲ್ಲದಿದ್ದರೆ ಖಾಲಿ. ವರ್ಷದ ಕೊನೆಗೆ ಕೂಡಿಸಿದರೆ ಅರ್ಧಕ್ಕರ್ಧ ಹೊತ್ತು ಖಾಲಿ ಎಂದು ಬಂತು. ಒಬ್ಬರು ಸಾಕು ಎಂದಿತು ನನ್ನ ಲೆಕ್ಕದ ಮಾದರಿ, ಒಂದೇ ಒಂದು ಷರತ್ತಿನ ಮೇಲೆ: ಯಾವ ಕರೆಯೂ ತೊಂಬತ್ತು ಸೆಕೆಂಡು ಮೀರಬಾರದು. ವಿಳಾಸ ಕೇಳಿ, ಮೆಕ್ಯಾನಿಕ್ಕನ್ನು ಕಳಿಸಿ, ಗುಂಡಿ ಒತ್ತಿ ಲೈನ್ ಬಿಡಿಸಿಕೊಳ್ಳಬೇಕು. ಸಿಕ್ಕಿಕೊಂಡವರಿಗೆ ಅಲ್ಲಿಂದ ಮುಂದೆ ಧ್ವನಿಮುದ್ರಣ ಕೇಳಿಸುತ್ತದೆ.

ಚಿಕ್ಕಕ್ಕನನ್ನು ಊರಾಚೆಯ ಬಿಡಿಭಾಗಗಳ ಗೋದಾಮಿಗೆ ಹಾಕಿದರು. ಹೋಗುವ ದಿನ ಅವಳದೇ ದನಿಯಲ್ಲಿ ಆ ಮುದ್ರಣ ಮಾಡಿಸಿದರು. "ನಾನಿಲ್ದಿದ್ರೂ ನನ್ ಗಂಟಲಾದ್ರೂ ಇಲ್ಲಿರ್ಲಿ ಬಿಡು," ಎಂದಳಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಹೋಗಿರಲಿಲ್ಲ. ಅಂಕಿಅಂಶಗಳು ಈಮೇಲಿನಲ್ಲೇ ಬರುತ್ತಿದ್ದವು, ಹೋಗುವ ಅಗತ್ಯ ಬೀಳಲಿಲ್ಲ. ಕಾಯುವ ಸರಾಸರಿ ಸಮಯ ಒಂದು ಸೆಕೆಂಡೂ ಹೆಚ್ಚಾಗಲಿಲ್ಲ. "ಸುಂದರವಾದ ಫಲಿತಾಂಶ," ಎಂದರು ನನ್ನ ಗೈಡ್. ಆರು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದದ್ದು ಅದೊಂದೇ ಸಲ. ನಾನು ಎರಡು ದಿನ ಅದನ್ನೇ ಮೆಲುಕು ಹಾಕಿದೆ.

ಬುಧವಾರ ಮಧ್ಯಾಹ್ನವೇ ಫಾರಂ ಹಿಡಿದು ಕೊಠಡಿಗೆ ಹೋದೆ.

"ಬಾರೇ, ಇನ್ನೂ ಬದುಕಿದೀಯಾ?" ಎಂದಳು ದೊಡ್ಡಕ್ಕ. ಎರಡನೆಯ ಕುರ್ಚಿಯ ಮೇಲೆ ಅವಳ ಕೈಚೀಲ ಕೂತಿತ್ತು. ಸ್ವೆಟರ್ ಕಾಣಲಿಲ್ಲ. ನಾನು ಉತ್ತರ ಕೊಡುವ ಮೊದಲೇ ಫೋನು ಬಡಿದುಕೊಂಡಿತು. ಯಾರೋ ಮುದುಕರು, ನಾಲ್ಕು ಮತ್ತು ಐದನೆಯ ಮಹಡಿಗಳ ನಡುವೆ.

"ಹೆದರ್ಕೋಬೇಡಿ ತಾತ, ಹುಡುಗ ಹೊರಟ. ಹೂಂ... ಹೌದಾ? ಯಾವ ಆಸ್ಪತ್ರೇಲಿ..."

ತೊಂಬತ್ತು ಸೆಕೆಂಡಾಯಿತೆಂದು ಕಂಪ್ಯೂಟರಿನ ಪರದೆ ಕೆಂಪಾಗಿ ಮಿನುಗಿತು. ಇನ್ನೊಂದು ಲೈನು ಕೂಗುತ್ತಿತ್ತು. ದೊಡ್ಡಕ್ಕ ಗುಂಡಿ ಒತ್ತಿದಳು. ಒತ್ತುವಾಗಲೂ ಆ ತಾತ ಏನೋ ಹೇಳುತ್ತಿರುವುದು ನನಗೆ ಕೇಳಿಸಿತು. ಎರಡನೆಯ ಕರೆಯನ್ನೂ ಮುಗಿಸಿ ಅವಳು ಕುರ್ಚಿಗೆ ಒರಗಿಕೊಂಡಳು.

"ಹೆಂಡ್ತಿನ ನೋಡೋಕೆ ಹೊರಟಿದ್ರಂತೆ ಪಾಪ. ಮುಂಚೆ ಆಗಿದ್ರೆ ಒಬ್ಳು ಮಾತಾಡ್ತಾ ಇದ್ರೆ ಇನ್ನೊಬ್ಳು ಈ ಕಡೆ ನೋಡ್ಕೋತಿದ್ಲು."

"ಮೆಕ್ಯಾನಿಕ್ ಎಂಟು ನಿಮಿಷಕ್ಕೆ ಮುಟ್ತಾನೆ ಅಕ್ಕ," ಎಂದೆ.

"ಮುಟ್ತಾನೆ. ನಿನ್ ಲೆಕ್ಕ ತಪ್ಪೋದಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ನಾನು ಫಾರಂ ಮುಂದಿಟ್ಟೆ. ಅವಳು ಕನ್ನಡಕ ಮೂಗಿಗೇರಿಸಿ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು. "ಹೊಸ ಪದ್ಧತಿಯಿಂದ ತಮಗೆ ತೊಂದರೆ ಆಗಿದೆಯೇ? ಇಲ್ಲಿ ನಿಜ ಬರೀಬೇಕಾ?"

ತೊಂದರೆ ಎಂದು ಬರೆದರೆ ಆ ಅಧ್ಯಾಯವನ್ನೇ ಮತ್ತೆ ಮಾಡಬೇಕು. ಮಾಡಲು ನನ್ನ ಬಳಿ ದಿನಗಳಿರಲಿಲ್ಲ. ನಿಜವನ್ನೇ ಬರೆಯಿರಿ ಎನ್ನಲು ನಾಲಿಗೆ ಏಳಲಿಲ್ಲ.

"ಶುಕ್ರವಾರ ಕಡೇ ದಿನ ಅಕ್ಕ," ಎಂದೆ.

ಅವಳು ನನ್ನನ್ನೊಮ್ಮೆ ನೋಡಿ, ಗುಂಡಗಿನ ಅಕ್ಷರದಲ್ಲಿ 'ತೊಂದರೆ ಇಲ್ಲ' ಎಂದು ಬರೆದು ಸಹಿ ಹಾಕಿದಳು. "ದಿನವಿಡೀ ಒಬ್ಳೇ ಕೂತು ಬಾಯಿಗೆ ಬೂಸಲು ಹಿಡಿದಿದೆ ಕಣೇ. ಅದೆಲ್ಲ ಈ ಹಾಳೆಗೆ ಸೇರಲ್ಲ ಅಲ್ವಾ?"

"ಸೇರಲ್ಲ ಅಕ್ಕ."

"ಹೋಗ್ಲಿ ಬಿಡು. ಡಾಕ್ಟ್ರಾದ ತಕ್ಷಣ ಮೊದಲು ನಂಗೆ ಹೇಳ್ಬೇಕು, ನೋಡು."

ಹೇಳುತ್ತೇನೆ ಎಂದು ಮಾತು ಕೊಟ್ಟು, ಮುಂದಿನ ಫೋನು ಬಡಿದ ಕೂಡಲೇ ಅಲ್ಲಿಂದ ತಪ್ಪಿಸಿಕೊಂಡೆ. ನಾಚಿಕೆಯಾಗಿತ್ತು. ಆದರೂ ಹಾಳೆ ಮಡಿಕೆಯಾಗದಂತೆ ಎದೆಗೊತ್ತಿಕೊಂಡು ನಡೆದೆ.

ಮೌಖಿಕ ಪರೀಕ್ಷೆ ಸೋಮವಾರ ಹನ್ನೊಂದಕ್ಕೆ. ಪರೀಕ್ಷಕರು ಐವರು. ಕೇಳುಗರಿಗೆಂದು ಹಾಕಿದ್ದ ಇಪ್ಪತ್ತು ಕುರ್ಚಿಗಳಲ್ಲಿ ಒಂದರ ಮೇಲೆ ನನ್ನ ಕೋಟು. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು, "ಖಾಲಿ ಸಮಯ ಅಂದ್ರೆ ಇಲ್ಲಿ ಏನು?"

"ಕರೆಯಲ್ಲಿ ಇಲ್ಲದ ಸಮಯ, ಸರ್."

"ಸ್ಪಷ್ಟವಾಗಿದೆ," ಎಂದು ಅವರು ಗುರುತು ಹಾಕಿಕೊಂಡರು. ಇನ್ನೊಂದು ಪ್ರಶ್ನೆ ಬರಲಿ ಎಂದು ಕಾದೆ. ಬಂದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆನೇನೋ. ಬರಲಿಲ್ಲ. ಕೈ ಕುಲುಕಿ, ಐವರೂ ಊಟಕ್ಕೆ ಹೋದರು.

ಗುಮಾಸ್ತೆ ಒಂಬತ್ತನೆಯ ಟಿಕ್ ಹಾಕಿದಳು. "ಇನ್ನೇನೂ ಬಾಕಿ ಇಲ್ಲ ಡಾಕ್ಟ್ರೇ," ಎಂದು ಮುಂದಿನ ಫೈಲು ಎಳೆದುಕೊಂಡಳು. ಅಣ್ಣನಿಗೆ ಫೋನು ಮಾಡಿದೆ. "ಒಳ್ಳೇದಾಯ್ತು ಪುಟ್ಟಿ. ಮೀಟಿಂಗ್‌ನಲ್ಲಿದೀನಿ, ಆಮೇಲೆ ಮಾಡ್ಲಾ?" ಎಂದ. ಆಮೇಲೆ ಎಂದರೆ ಭಾನುವಾರ.

ಉದ್ದದ ಕಾರಿಡಾರಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದೊಡ್ಡಕ್ಕನ ಮೊಬೈಲು ಡ್ಯೂಟಿಯ ಹೊತ್ತಿನಲ್ಲಿ ಲಾಕರಿನಲ್ಲಿರುತ್ತದೆ. ಹಾಗಿಡಬೇಕೆಂದು ಸೂಚಿಸಿದ ಮಹಾತಾಯಿಯೂ ನಾನೇ. ಲಿಫ್ಟಿನೊಳಗೆ ಹೋದೆ. ಗಂಟೆಯ ಗುಂಡಿಯ ಕೆಳಗೆ ಅದೇ ಕಂಪನಿಯ ಚೀಟಿ ಅಂಟಿಸಿತ್ತು. ಸುಳ್ಳು ಕರೆಗಳು ಶೇಕಡಾ ಏಳು ಎಂದು ನನ್ನ ಥೀಸಿಸ್‌ನಲ್ಲಿದೆ. ಅವನ್ನು ಮಾಡುವವರು ಎಂಥವರಿರಬಹುದು ಎಂದು ನಾನು ಯೋಚಿಸಿರಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಗುಂಡಿ ಒತ್ತಿದೆ.

"ಹೇಳಿ, ಯಾವ ಮಹಡೀಲಿ ನಿಂತಿದೆ?"

"ಅಕ್ಕ, ನಾನು. ಎಲ್ಲಾ ಆಯ್ತು. ಮುಗೀತು."

"ಅಯ್ಯೋ ನನ್ ಚಿನ್ನಾ!" ಅವಳ ದನಿ ಪುಟ್ಟ ಡಬ್ಬಿಯಂಥ ಆ ಲಿಫ್ಟಿನ ತುಂಬ ತುಂಬಿಕೊಂಡಿತು. "ಹೇಳು ಹೇಳು, ಏನೇನ್ ಕೇಳಿದ್ರು? ನಿನ್ ಕಡೆಯಿಂದ ಯಾರ್ಯಾರ್ ಬಂದಿದ್ರು?"

ಕೇಳಿದ ಪ್ರಶ್ನೆಗಳನ್ನು ಮೊದಲಿನಿಂದ ಒಂದೊಂದಾಗಿ ಹೇಳಿದೆ. ಅಷ್ಟರಲ್ಲಿ ಅವಳ ಕಡೆ ಇನ್ನೊಂದು ಲೈನು ಕೂಗತೊಡಗಿತು.

"ಯಾರೂ ಬಂದಿರ್ಲಿಲ್ಲ ಅಕ್ಕ. ನಾನು ನಿಮ್ಮನ್ನ..."

ಟಕ್ ಎಂದಿತು. ಅಭ್ಯಾಸಬಲದಿಂದ ಅವಳ ಬೆರಳು ಗುಂಡಿಯ ಮೇಲೆ ಹೋಗಿತ್ತು. ಒಂದು ಕ್ಷಣ ಬಿಟ್ಟು ಚಿಕ್ಕಕ್ಕನ ದನಿ ಕೇಳಿಸಿತು, ಯಾರನ್ನೂ ಅಣಕಿಸದ, ಅವಳ ಸ್ವಂತದ ದನಿ.

"ಗಾಬರಿ ಆಗ್ಬೇಡಿ. ನಿಮ್ಮ ಕರೆ ನಮಗೆ ಮುಟ್ಟಿದೆ. ನಮ್ಮವರು ಹೊರಟಿದಾರೆ, ಇನ್ನೇನು ಬಂದ್ಬಿಡ್ತಾರೆ."

ಬಾಗಿಲು ತೆಗೆಯುವ ಗುಂಡಿ ಕೈಯಳತೆಯಲ್ಲೇ ಇತ್ತು. ಯಾರೂ ಹೊರಟಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಆದರೂ ಮುದ್ರಣ ಮೂರನೆಯ ಸಲ ಮೊದಲಿನಿಂದ ಶುರುವಾದಾಗ ನಾನು ಅಲ್ಲೇ ನಿಂತಿದ್ದೆ.